ಜಾರುಬಂಡಿಯ ಕಾವಲಿಗಿದ್ದ ಸಲೋಮಿ ಸಿಸ್ಟರ್

ಸಲೋಮಿ ಸಿಸ್ಟರ್‌ಗೆ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ. ಅದನ್ನು ಆಕೆ ಮುಚ್ಚಿಟ್ಟವಳೂ ಅಲ್ಲ. ಕೇಳಿದವರಿಗೆ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಅಂಥವಳ ಕೊರಳಲ್ಲಿ, ಶಿಲುಬೆಯ ಪಕ್ಕದಲ್ಲೇ, ಬೀದರಿನ ನಮ್ಮ ಕಾಲೊನಿಯ ಮಕ್ಕಳ ಪಾರ್ಕಿನ ಬೀಗದ ಕೈ ನೇತಾಡುತ್ತಿತ್ತು. ಪಾರ್ಕಿನ ಎದುರಿಗೇ ಮನೆ, ನಿವೃತ್ತಿಯಾದ ನರ್ಸು, ಒಂಟಿ ಜೀವ. ಗೇಟು ತೆಗೆಯುವ, ಹಾಕುವ ಕೆಲಸಕ್ಕೆ ಬೇರೆ ಯಾರೂ ಒಪ್ಪದಿದ್ದಾಗ ಕಾಲೊನಿಯವರು ಅದನ್ನು ಆಕೆಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದರು. ವಯಸ್ಸು ನೋಡಿದರೆ ಬಹುವಚನ ಕೊಡಬೇಕು. ಕೊಡುವ ಮನಸ್ಸು ನನಗೆ ಆಗ ಇರಲಿಲ್ಲ, ಈಗ ಬರೆಯುವಾಗಲೂ ಬರುತ್ತಿಲ್ಲ.

ಸಂಜೆ ಗೇಟು ತೆಗೆಯುವ ಮುಂಚೆ ಆಕೆ ಬಕೆಟ್ಟು ಹಿಡಿದು ಬಂದು ಕಬ್ಬಿಣದ ಜಾರುಬಂಡಿಯ ಮೇಲೆ ನೀರು ಸುರಿಯುತ್ತಿದ್ದಳು. ಬಿಸಿಲಿಗೆ ಕಾದ ತಗಡು ಮಕ್ಕಳ ತೊಡೆ ಸುಡುತ್ತದೆ ಎನ್ನುವುದು ಆಕೆಯ ವಾದ. ನೀರು ಆರುವವರೆಗೆ ಒಂದು ಪಿಳ್ಳೆಯೂ ಅದನ್ನು ಮುಟ್ಟುವ ಹಾಗಿಲ್ಲ ಎನ್ನುವುದು ಆಕೆಯ ಸಂತೋಷ ಎಂದು ನನ್ನ ವಾದ. ಆಮೇಲೆ ಗೇಟಿನ ಬಳಿ ನಿಂತು, ವಾರ್ಡಿನಲ್ಲಿ ರೋಗಿಗಳನ್ನು ನೋಡಿದಂತೆ, ಬಂದ ಮಕ್ಕಳ ಉಗುರು ನೋಡುವಳು, ತಲೆಯಲ್ಲಿ ಹೇನು ನೋಡುವಳು, ಸಿಂಬಳ ಸುರಿಸುವವರನ್ನು ಅಲ್ಲಿಂದಲೇ ಓಡಿಸುವಳು. ಜೋಕಾಲಿಯ ಮೇಲೆ ಯಾರಾದರೂ ನಿಂತರೆ, ಸಾಯುವುದಕ್ಕೆ ಮನೆಯಲ್ಲಿ ಜಾಗ ಇಲ್ಲವೇನು ಎಂದು ಕೇಳುವಳು. ಬೆಂಚಿನ ಮೇಲೆ ಫೋನು ನೋಡುತ್ತ ಕೂತ ತಾಯಂದಿರಿಗೆ ಇನ್ನೂ ಒರಟಾದ ಮಾತುಗಳಿದ್ದವು.

ನಾನು ಕಲಿಸುತ್ತಿದ್ದ ಭಾಲ್ಕಿಯ ಶಾಲೆಯಿಂದ ಬೀದರಿಗೆ ವರ್ಗವಾಗಿ ಬಂದಾಗ ನನ್ನ ಮಗಳು ಸಂಜುಗೆ ಐದು ತುಂಬಿತ್ತು. ಮನೆಯಲ್ಲಿ ಪಟಪಟ ಮಾತು, ಹೊಸಿಲು ದಾಟಿದರೆ ಬಾಯಿಗೆ ಬೀಗ. ಹೊಸ ಊರಲ್ಲಿ ಅವಳಿಗೆ ಒಬ್ಬ ಗೆಳತಿಯೂ ಇರಲಿಲ್ಲ. ಅದೊಂದು ಕೊರಗು ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು. ಮೊದಲ ದಿನ ಪಾರ್ಕಿಗೆ ಕರೆದುಕೊಂಡು ಹೋದೆ. ಮಳೆ ಬಂದು ನಿಂತಿತ್ತು, ಅವಳ ಬೂಟಿನ ತುಂಬ ಕೆಂಪು ಮಣ್ಣು. ಸಿಸ್ಟರ್ ಗೇಟಿಗೆ ಅಡ್ಡ ನಿಂತು, ಇದು ಪಾರ್ಕು, ಹೊಲ ಅಲ್ಲ, ಬೂಟು ತೊಳೆದುಕೊಂಡು ಬನ್ನಿ ಎಂದಳು. ಮಕ್ಕಳ ಪಾರ್ಕಿನಲ್ಲಿ ಮಕ್ಕಳು ಮಣ್ಣು ಮಾಡದೆ ಇನ್ಯಾರು ಮಾಡಬೇಕು ಎಂದು ನಾನೂ ಬಿಡಲಿಲ್ಲ.

"ಮಕ್ಕಳ ಪಾರ್ಕ ಅಂತ ಬೋರ್ಡಿನ ಮ್ಯಾಲ ಅದರಿ ಅಕ್ಕೋರ," ಎಂದಳು. "ಬೀಗ ನನ್ನ ಬಲ್ಲಿ ಅದ."

ಆ ದಿನದಿಂದ ಹಠ ಹಿಡಿದು ನಾನು ಬೇರೆ ಮೈದಾನಗಳನ್ನು ಹುಡುಕತೊಡಗಿದೆ. ಈ ಒಂದು ಪಾರ್ಕು ಇಲ್ಲದಿದ್ದರೆ ಜಿಲ್ಲೆಯಲ್ಲಿ ಜಾರುಬಂಡಿಗೆ ಬರವೇ ಎಂದುಕೊಂಡೆ. ಬರವೇ ಇತ್ತು ಎನ್ನುವುದು ಆಮೇಲೆ ಗೊತ್ತಾಯಿತು. ಭಾಲ್ಕಿಯ ಒಂದು ಬಯಲಲ್ಲಿ ಜೋಕಾಲಿಗೆ ಸರಪಳಿ ಇತ್ತು, ಹಲಗೆ ಇರಲಿಲ್ಲ. ಔರಾದಿನಲ್ಲಿ ಜಾರುಬಂಡಿಯ ಕೆಳತುದಿ ಕಿತ್ತುಹೋಗಿ, ಜಾರಿದವರು ನೇರ ಎರೆಮಣ್ಣಿಗೆ ಬೀಳುತ್ತಿದ್ದರು. ಸಂಜುಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತು.

ನನ್ನ ತಮ್ಮ ಜಿಯೋಕ್ಯಾಶಿಂಗ್ ಎಂಬ ಆಟ ಹೇಳಿಕೊಟ್ಟದ್ದು ಆ ದಿನಗಳಲ್ಲೇ. ಯಾರೋ ಒಂದು ಡಬ್ಬಿ ಬಚ್ಚಿಟ್ಟು, ಅದರ ಜಾಗವನ್ನು ಫೋನಿನ ನಕ್ಷೆಯಲ್ಲಿ ಗುರುತು ಮಾಡಿರುತ್ತಾರೆ. ಆ ಗುರುತು ಹಿಡಿದು ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿನ ಚಿಕ್ಕ ವಸ್ತು ಒಂದನ್ನು ತೆಗೆದುಕೊಂಡು, ನಮ್ಮದೊಂದನ್ನು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಬಚ್ಚಿಟ್ಟು ಬರಬೇಕು. ನಮ್ಮ ಕಡೆ ಅಂಥ ಡಬ್ಬಿಗಳು ಸಿಗುವುದೇ ಅಪರೂಪ. ಸಿಗದ ಊರಲ್ಲಿ ನಾವೇ ಇಟ್ಟು ಬರುತ್ತಿದ್ದೆವು. ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಸಂಜು ಕಿಟಕಿಯ ಸರಳು ಹಿಡಿದು ನಿಂತೇ ಇರುವಳು. ಬರುವಾಗ ಸಂತಪುರ ದಾಟುವಷ್ಟರಲ್ಲಿ ನನ್ನ ತೊಡೆಯ ಮೇಲೆ ನಿದ್ದೆ, ಮುಷ್ಟಿಯಲ್ಲಿ ಯಾರೋ ಬಿಟ್ಟುಹೋದ ಗೋಲಿ. ಅವಳ ಖುಷಿ ನೋಡಿ ನನಗೂ ಹುಚ್ಚು ಹಿಡಿಯಿತು.

ನಾವು ಬಸ್ಸಿಳಿದು ಬರುವುದನ್ನು ಸಿಸ್ಟರ್ ತನ್ನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಒಮ್ಮೆ ಪಾರ್ಕಿನ ಗೋಡೆಯ ಸಂದಿಯಲ್ಲಿ ಸಂಜು ಕೈ ಹಾಕಿ ತಡಕುವುದನ್ನು ಕಂಡು, ಹೆಣ್ಣುಮಗುವಿಗೆ ಈಗಿನಿಂದಲೇ ಕಳ್ಳತನ ಕಲಿಸುತ್ತಿದ್ದೀರಾ ಎಂದು ಕೇಳಿದಳು. ಸಂದಿಯಲ್ಲಿ ಚೇಳಿರುತ್ತದೆ, ಕಚ್ಚಿದರೆ ನನ್ನ ಮನೆಗೆ ತರಬೇಡಿ, ನಾನು ರಿಟೈರ್ ಆಗಿದ್ದೇನೆ ಎಂದೂ ಸೇರಿಸಿದಳು. ನಾನು ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಊರೂರು ತಿರುಗಿದರೂ ಸಂಜುಗೆ ಗೆಳತಿಯರು ಸಿಗಲಿಲ್ಲ. ಡಬ್ಬಿ ಸಿಗುತ್ತಿತ್ತು, ಇಟ್ಟವರು ಸಿಗುತ್ತಿರಲಿಲ್ಲ. ಒಂದು ದಿನ ಅವಳೇ, ನಮ್ಮ ಪಾರ್ಕಿನಲ್ಲಿ ಒಂದು ಡಬ್ಬಿ ಇಡೋಣ, ಮಕ್ಕಳು ಹುಡುಕುತ್ತಾರೆ, ಆಮೇಲೆ ನನ್ನ ಜೊತೆ ಆಡುತ್ತಾರೆ ಎಂದಳು. ಉಪ್ಪಿನಕಾಯಿಯ ಖಾಲಿ ಡಬ್ಬಿ ತೊಳೆದುಕೊಟ್ಟೆ. ಅದರಲ್ಲಿ ಗೋಲಿ, ರಿಬ್ಬನ್ನು, ಬಳೆಚೂರು, ಒಂದು ಹಿಡಿ ಪೆಪ್ಪರಮೆಂಟು ತುಂಬಿದಳು. ಡಬ್ಬಿ ಕಾಯುವುದಕ್ಕೆ ಒಬ್ಬಳು ಬೇಕು ಎಂದು ನನ್ನ ಹಳೆಯ ಕುಪ್ಪಸದ ಚೂರಿನಿಂದ ಗೊಂಬೆ ಮಾಡಿ, ಕೆಂಪು ದಾರ ಸುತ್ತಿ, ಬಾಚಣಿಗೆಯಲ್ಲಿ ಸಿಕ್ಕಿದ್ದ ನನ್ನ ಕೂದಲನ್ನು ಅದರ ತಲೆಗೆ ಅಂಟಿಸಿ, ಕಣ್ಣಿಗೆ ಎರಡು ಗುಂಡುಪಿನ್ನು ಚುಚ್ಚಿದಳು. ಎಷ್ಟು ಚಂದ ಮಾಡಿದ್ದೀಯೆ ಎಂದು ಮುದ್ದಿಟ್ಟೆ. ಬೇವಿನ ಮರದ ಬುಡದ ಪೊಟರೆಯಲ್ಲಿ ಇಟ್ಟು ಬಂದೆವು.

ಹುಟ್ಟಿದ್ದು, ಬೆಳೆದದ್ದು ಎಲ್ಲ ಈ ಜಿಲ್ಲೆಯಲ್ಲೇ. ಆದರೂ ಕುಪ್ಪಸದ ಚೂರು, ಕೂದಲು, ಕೆಂಪು ದಾರ, ಕಣ್ಣಲ್ಲಿ ಪಿನ್ನು, ಬೇವಿನ ಬುಡ ಇವೆಲ್ಲ ಕೂಡಿದರೆ ಇಲ್ಲಿ ಏನಾಗುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಆ ವಾರ ನಮ್ಮ ಎದುರುಸಾಲಿನ ಶೋಭಾಳ ಮಗನಿಗೆ ಜ್ವರ, ವಾಂತಿ. ಅದೇ ಹೊತ್ತಿಗೆ ಪಾರ್ಕಿನ ಕಸ ಗುಡಿಸುವವನಿಗೆ ಡಬ್ಬಿ ಸಿಕ್ಕಿತು. ಸಂಜೆ ನಾವು ಹೋಗುವಷ್ಟರಲ್ಲಿ ಬೇವಿನ ಕೆಳಗೆ ಹೆಂಗಸರು ಗುಂಪುಗೂಡಿದ್ದರು. ಗೊಂಬೆ ನೆಲದ ಮೇಲೆ ಬಿದ್ದಿತ್ತು, ಅದರ ಸುತ್ತ ಯಾರೂ ಕಾಲಿಡದಷ್ಟು ಜಾಗ ಬಿಟ್ಟಿದ್ದರು. ಭಾನಾಮತಿ ಎಂದು ಯಾರೋ ಪಿಸುಗುಟ್ಟಿದರು. ಮಾಟಕ್ಕೆ ನಮ್ಮ ಕಡೆ ಇರುವ ಹೆಸರು ಅದು. ಮಾಡಿದರೆಂಬ ಆರೋಪ ಯಾರ ಮೇಲೆ ಬಿತ್ತೋ ಅವರ ಮನೆಯ ನೀರನ್ನೂ ಮತ್ತೆ ಯಾರೂ ಮುಟ್ಟುವುದಿಲ್ಲ.

ನಾನು ಮುಂದೆ ಹೋಗಿ ಆಟದ ವಿಷಯ ಹೇಳಿದೆ. ನಕ್ಷೆ ತೋರಿಸಿದರೆ ನಂಬುತ್ತಾರೆಂದು ಫೋನು ತೆಗೆದೆ. ನಕ್ಷೆಯಲ್ಲಿ ಬೇವಿನ ಮರದ ಗುರುತು, ಪಕ್ಕದಲ್ಲಿ ಎಲ್ಲರ ಮನೆ. ನಮ್ಮ ಮನೆಗಳನ್ನೆಲ್ಲ ಗುರುತು ಹಾಕಿಕೊಂಡಿದ್ದಾಳೆ ಎಂದು ಒಬ್ಬಳು ಹಿಂದೆ ಸರಿದಳು. ಶೋಭಾ ಅಳುತ್ತಿದ್ದಳು. ಮಾಟ ತೆಗೆಯುವುದು ತಿಳಿದವರನ್ನು ಕೇಳಿಸಿದ್ದೇವೆ, ಇಟ್ಟ ಕೈಯಿಂದಲೇ ಸುಡಿಸಬೇಕಂತೆ, ಇಟ್ಟ ಕೈ ನಿಮ್ಮಿಬ್ಬರಲ್ಲಿ ಯಾರದು ಹೇಳಿ ಎಂದಳು.

ಸಂಜು ನನ್ನ ಸೆರಗು ಬಿಟ್ಟು ಕೈ ಎತ್ತಿದಳು. "ನಾ ಇಟ್ಟೀನಿ," ಎಂದಳು. ಆ ಪಾರ್ಕಿನಲ್ಲಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ಕೊನೆಗೂ ಯಾರೋ ಡಬ್ಬಿ ಹುಡುಕಿದರಲ್ಲ ಎಂದು ಅವಳ ಮುಖದಲ್ಲಿ ನಗು ಇತ್ತು.

ಬೆಂಕಿಪೆಟ್ಟಿಗೆ ತರಲು ಯಾರೋ ಹೋದರು. ನಾನು ಮಗುವನ್ನು ಎತ್ತಿಕೊಂಡೆ. ಅವಳ ಕೈಯಿಂದ ಆ ಗೊಂಬೆ ಸುಟ್ಟರೆ ಜೀವಮಾನ ಪೂರ್ತಿ ಅವಳು ಮಾಟದ ಮಗು ಆಗುತ್ತಾಳೆ, ಸುಡದಿದ್ದರೂ ಆಗುತ್ತಾಳೆ. ಅಷ್ಟರಲ್ಲಿ ಹಿಂದಿನಿಂದ ಸಲೋಮಿ ಸಿಸ್ಟರ್‌ನ ದನಿ ಕೇಳಿಸಿತು. ಇವಳೊಬ್ಬಳು ಬಾಕಿ ಇದ್ದಳು ಎಂದುಕೊಂಡೆ.

ಹುಲ್ಲಿನ ಮೇಲೆ ಸಂತೆ ಹಚ್ಚಿದ್ದೀರಿ ಎಂದು ಬೈಯುತ್ತಲೇ ಆಕೆ ಒಳಗೆ ಬಂದು ಗೊಂಬೆಯನ್ನು ಎತ್ತಿಕೊಂಡಳು. ಹೆಂಗಸರು ಹೌಹಾರಿದರು. ಆಕೆ ಕಣ್ಣಿನ ಎರಡೂ ಪಿನ್ನುಗಳನ್ನು ಕಿತ್ತು ತನ್ನ ಸೆರಗಿಗೆ ಚುಚ್ಚಿಕೊಂಡು ನನ್ನ ಕಡೆ ತಿರುಗಿದಳು.

"ಕೂಸಿನ ಕೈಯಾಗ ಗುಂಡುಪಿನ್ನ ಕೊಡ್ತಾರೇನ್ರಿ ಅಕ್ಕೋರ? ಕಣ್ಣಾಗ ಹೊಕ್ಕಿದ್ರ? ಸಾಲಿ ಕಲಸ್ತೀರಿ ನೀವು."

ಆಮೇಲೆ ಡಬ್ಬಿಯಿಂದ ಒಂದು ಪೆಪ್ಪರಮೆಂಟು ತೆಗೆದು, ಕಾಗದ ಬಿಚ್ಚಿ, ಎಲ್ಲರೂ ನೋಡುತ್ತಿದ್ದಂತೆ ಬಾಯಿಗೆ ಹಾಕಿಕೊಂಡಳು. ಸಕ್ಕರೆ ಕಾಯಿಲೆ ಇದ್ದರೂ ಆಕೆ ಅದನ್ನು ಕಟಕಟ ಕಡಿದು ನುಂಗಿದಳು.

"ನಾ ಸತ್ತರ ನಾಳಿ ಗೇಟ ತಗಿಯಂಗಿಲ್ಲ. ತಗದ್ರ ಸತ್ತಿಲ್ಲಂತ ತಿಳ್ಕೋರಿ. ಈಗ ಮನಿಗಿ ನಡೀರಿ."

ಹುಡುಗನನ್ನು ದವಾಖಾನೆಗೆ ತೋರಿಸಿದ್ದೀಯೋ ತಿಳಿದವರಿಗೆ ತೋರಿಸಿದ್ದೀಯೋ ಎಂದು ಶೋಭಾಳನ್ನು ತರಾಟೆಗೆ ತೆಗೆದುಕೊಂಡು, ಅವಳ ರಟ್ಟೆ ಹಿಡಿದು ಆಟೊ ಹತ್ತಿಸಿದಳು. ಹುಡುಗ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದ.

ಮರುದಿನ ಗೇಟು ತೆರೆಯಿತು. ಸಿಸ್ಟರ್ ಸತ್ತಿರಲಿಲ್ಲ, ಮೊದಲಿಗಿಂತ ಹೆಚ್ಚು ಗಂಟುಮುಖ ಹಾಕಿಕೊಂಡಿದ್ದಳು. ಆದರೆ ಸಂಜು ಜಾರುಬಂಡಿಯ ಮೆಟ್ಟಿಲು ಹತ್ತಿದ ಕೂಡಲೇ ತಾಯಂದಿರು ತಮ್ಮ ಮಕ್ಕಳನ್ನು ಕೈಹಿಡಿದು ಎಳೆದುಕೊಂಡರು. ಮಕ್ಕಳೂ ದೂರ ನಿಂತು ಅವಳನ್ನೇ ನೋಡಿದರು. ಸಂಜು ಜಾರಲಿಲ್ಲ. ಹತ್ತಿದ ಮೆಟ್ಟಿಲುಗಳನ್ನೇ ಇಳಿದು ಬಂದು, "ಅವ್ವಾ, ನಾ ಏನ್ ಮಾಡೀನಿ?" ಎಂದು ಕೇಳಿದಳು.

ಸಿಸ್ಟರ್ ಕಟ್ಟೆಯಿಂದ ಎದ್ದು ಬಂದಳು. ನಮ್ಮನ್ನೂ ಸೇರಿಸಿ ಎಲ್ಲರನ್ನೂ ಹೊರಗೆ ಅಟ್ಟಿ ಗೇಟಿಗೆ ಬೀಗ ಜಡಿದಳು.

"ಎಲ್ಲಾರೂ ಕೂಡಿ ಆಡೂದಿದ್ರ ತಗೀತೇನಿ. ಇಲ್ಲಂದ್ರ ಯಾರಿಗೂ ಇಲ್ಲ."

ಕಾಲೊನಿಯ ಗಂಡಸರು ಬಂದು ಹೇಳಿ ನೋಡಿದರು. ಬೀಗ ಒಡೆಯುತ್ತೇವೆ ಎಂದರು. ಒಡೆಯಿರಿ, ನಾಳೆಯಿಂದ ಗೇಟು ನೀವು ಕಾಯಿರಿ, ಗಿಡಕ್ಕೆ ನೀರು ನೀವು ಬಿಡಿ ಎಂದಳು. ಗಂಡಸರು ಮನೆಗೆ ಹೋದರು. ಅವು ಬೇಸಿಗೆ ರಜೆಯ ದಿನಗಳು. ಮಕ್ಕಳು ಮನೆಯಲ್ಲೇ ಕೂತು ಒಂದೊಂದು ಮನೆಯಲ್ಲೂ ಒಂದೊಂದು ಯುದ್ಧ. ತಾಯಂದಿರು ಎಷ್ಟು ದಿನ ತಾಳಿಯಾರು? ಒಂದು ಸಂಜೆ ನಮ್ಮ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಶೋಭಾಳ ಮಗ, ಅವನ ಹಿಂದೆ ಉಳಿದವರೆಲ್ಲ.

"ಸಂಜೂನ ಕಳಸ್ರಿ ಆಂಟಿ. ಆಕಿ ಬರದಿದ್ರ ಸಿಸ್ಟರ್ ಗೇಟ ತಗಿಯಲ್ಲಂತಾರ."

ಮೊದಲು ಬಿಗುಮಾನದಿಂದಲೇ ಆಡಿದರು. ವಾರ ಕಳೆಯುವಷ್ಟರಲ್ಲಿ ಎಲ್ಲ ಮರೆತು ಸಂಜುವಿನ ಜಡೆ ಎಳೆಯತೊಡಗಿದರು. ಅವಳು ಅಳುತ್ತ ಬಂದು ದೂರು ಹೇಳಿದ ದಿನ ನನಗೆ ಆದ ಆನಂದ ಅಷ್ಟಿಷ್ಟಲ್ಲ.

ಸಿಸ್ಟರ್ ಮಾತ್ರ ಬದಲಾಗಲಿಲ್ಲ. ಹೋಳಿಗೆ ತೆಗೆದುಕೊಂಡು ಹೋದರೆ ಒಳಗೆ ಕರೆಯದೆ ವಾಪಸು ಕಳಿಸಿದಳು. ಮರುವಾರವೇ ಸಂಜುವಿನ ಉಗುರು ನೋಡಿ ಗೇಟಿನಿಂದ ಓಡಿಸಿದಳು. ನಾನು ಜಗಳ ತೆಗೆದೆ. ನಮ್ಮಿಬ್ಬರ ನಡುವೆ ಇದ್ದದ್ದು ಜಗಳ ಒಂದೇ, ಅದರಲ್ಲಿ ಇಬ್ಬರೂ ಕೊರತೆ ಮಾಡಲಿಲ್ಲ.

ಎರಡು ವರ್ಷದ ಮೇಲೆ ಆಕೆಯ ಕಾಲಿನಲ್ಲಿ ಹುಣ್ಣಾಯಿತು, ಮಾಯಲಿಲ್ಲ. ಭಾಲ್ಕಿಯಿಂದ ತಂಗಿಯ ಮಗಳು ಬಂದು ಕರೆದುಕೊಂಡು ಹೋದಳು. ಒಂದು ಭಾನುವಾರ ನಾನೂ ಸಂಜುವೂ ಬಸ್ಸು ಹತ್ತಿದೆವು. ಡಬ್ಬಿ ಬಿಟ್ಟು ಮನುಷ್ಯರನ್ನು ಹುಡುಕಿಕೊಂಡು ಹೋದದ್ದು ಅದೇ ಮೊದಲು. ಆಕೆ ಮಂಚದ ಮೇಲೆ ಕೂತಿದ್ದಳು. ಕೂಸನ್ನು ಯಾಕೆ ತಂದಿರಿ ಎಂದು ಗೊಣಗಿ ಸಂಜುವನ್ನು ಅಂಗಳಕ್ಕೆ ಕಳಿಸಿದಳು. ನಾನು ಅಂದಿನ ಉಪಕಾರದ ಮಾತು ತೆಗೆದೆ.

"ನಿಮ್ಮ ಸಲುವಾಗಿ ಮಾಡಿಲ್ಲರಿ," ಎಂದಳು. "ನಿಮ್ಮನ್ನ ಕಂಡ್ರ ನನಗ ಆಗ್ತಿದ್ದಿಲ್ಲ, ಈಗೂ ಆಗೂದಿಲ್ಲ."

ಅಂಗಳದಲ್ಲಿದ್ದ ಸಂಜುವಿನ ಕಡೆ ನೋಡುತ್ತ ಮತ್ತೆ ಹೇಳಿದಳು.

"ನಮ್ಮವ್ವ ಭಾನಾಮತಿ ಮಾಡ್ತಾಳಂತ ಊರ ಮಂದಿ ಆಕಿ ಹಲ್ಲ ಕಿತ್ತಿದ್ರು, ಮತ್ತ ಮಂತ್ರ ಹೇಳಬಾರದಂತ. ನಾ ನಿಮ್ಮ ಕೂಸಿನಷ್ಟ ಇದ್ದೆ. ಮರದಿನ ನಾ ಹೊರಗ ಬಂದ್ರ, ನನ್ನ ಕೂಡ ಆಡೋ ಹುಡುಗ್ರೇ ಮೊದಲ ಕಲ್ಲ ಒಗದ್ರು. ಮಕ್ಕಳು ದೇವರು ಅಂತೀರಿ ನೀವೆಲ್ಲ. ಆ ದೇವರ ಕೈಲೇ ನಾ ಕಲ್ಲ ತಿಂದೀನಿ."

ಎಳೆಗೂಸು ತಂಗಿಯನ್ನು ಎತ್ತಿಕೊಂಡು ತಾಯಿ ಮಗಳು ನಡೆದುಕೊಂಡೇ ಬೀದರಿಗೆ ಬಂದು ಮಿಷನ್ ಕಂಪೌಂಡು ಸೇರಿದರಂತೆ. ಊರಿನ ಹೆಸರು ಕೇಳಿದೆ. ಬಾಗಿಲು ಎಳೆದುಕೊಂಡು ಹೋಗಿ, ನೊಣ ಬರುತ್ತವೆ ಎಂದಳು. ಆ ಮಳೆಗಾಲದಲ್ಲಿ ತೀರಿಕೊಂಡಳು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಈಗ ಪಾರ್ಕಿಗೆ ಬೀಗವಿಲ್ಲ, ಗೇಟು ಸದಾ ತೆರೆದೇ ಇರುತ್ತದೆ. ಸಂಜು ಮೂರನೆಯ ಇಯತ್ತೆ. ಅವಳಿಗೆ ಈಗ ಗೆಳತಿಯರ ದಂಡೇ ಇದೆ, ಅದಕ್ಕೆ ಅವಳೇ ಮುಂದಾಳು. ಮೊನ್ನೆ ಸಂಜೆ ನಾನು ಉಳಿದ ತಾಯಂದಿರ ಜೊತೆ ಬೆಂಚಿನ ಮೇಲೆ ಫೋನು ನೋಡುತ್ತ ಕೂತಿದ್ದೆ. ಹೊಸದಾಗಿ ಬಂದವರ ಮಗಳೊಬ್ಬಳು ಜಾರುಬಂಡಿಯ ಕಡೆ ಬಂದಳು. ಅವಳ ಕೈ, ತುಟಿಯ ಮೇಲೆ ಬಿಳಿ ತೊನ್ನಿನ ಕಲೆಗಳು. ಮಕ್ಕಳೆಲ್ಲ ಮೆಟ್ಟಿಲ ಬಳಿ ಒತ್ತಾಗಿ ನಿಂತರು. ಎಲ್ಲರಿಗಿಂತ ಮುಂದೆ, ಎರಡೂ ಕೈ ಅಗಲಿಸಿ ಅಡ್ಡ ನಿಂತವಳು ನನ್ನ ಮಗಳು.

"ನೀ ಬರಬ್ಯಾಡ," ಎಂದಳು. "ನೀ ಮುಟ್ಟಿದ್ರ ನಮಗೂ ಆಗ್ತದ."

ಆ ಹುಡುಗಿ ಅಲ್ಲೇ ನಿಂತಳು. ಅವಳ ತಾಯಿ ನಮ್ಮ ಕಡೆ ನೋಡಿದಳು. ಬೆಂಚಿನ ಮೇಲಿದ್ದ ಯಾರೂ ತಲೆ ಎತ್ತಲಿಲ್ಲ. ಎಲ್ಲರನ್ನೂ ಬೈದು ಹೊರಗಟ್ಟಲು ಈಗ ಯಾರೂ ಬರುವವರಿರಲಿಲ್ಲ. ಫೋನು ಕೆಳಗಿಟ್ಟು ನಾನೇ ಎದ್ದೆ.