ಇಂಗ್ಲೆಂಡಿಗೆ ಹೋದ ಖಡಕ್ ರೊಟ್ಟಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ರೂಟಿನಲ್ಲಿ ಕಂಡಕ್ಟರಾಗಿ ಕೂದಲು ಹಣ್ಣಾದವನು ನಾನು. ಶಕ್ ಪಡುವುದು ನನಗೆ ಉಸಿರಾಡಿದಷ್ಟೇ ಸಲೀಸು. ಕಿಟಕಿಯ ಹೊರಗೆ ಭಾರೀ ಆಸಕ್ತಿಯಿಂದ ನೋಡುತ್ತಿರುವವನ ಹತ್ತಿರ ಟಿಕೆಟ್ ಇರುವುದಿಲ್ಲ. ಹಾಗಾಗಿ ಇಂಗ್ಲೆಂಡಿನಲ್ಲಿ ಓದುವ ಮಗಳು ಮತ್ತೆ ಮತ್ತೆ ರೊಟ್ಟಿ ಕಳಿಸಿ ಎಂದಾಗ ನನ್ನ ಕಿವಿ ನೆಟ್ಟಗಾಯಿತು.

ಮನೆಯಲ್ಲಿದ್ದಾಗ ಅವಳು ರೊಟ್ಟಿ ಕಂಡರೆ ಮೂಗು ಮುರಿಯುತ್ತಿದ್ದಳು. ಅವಳಿಗೆ ಮೂರು ಹೊತ್ತೂ ಅನ್ನವೇ ಆಗಬೇಕು. ಈಗ ನೋಡಿದರೆ ನನ್ನ ಹೆಂಡತಿ ಖಡಕ್ ರೊಟ್ಟಿ ಬಡಿದು ಒಣಗಿಸಿ, ನಂಜಿಕೊಳ್ಳುವ ಶೇಂಗಾ ಹಿಂಡಿಯ ಪುಡಿಯ ಜೊತೆ ಪಾರ್ಸೆಲ್ ಕಟ್ಟುತ್ತಿದ್ದಳು. ಪಾರ್ಸೆಲ್ ಪ್ರತಿಸಲ ದಪ್ಪವಾಗುತ್ತಿತ್ತು.

"ಗೆಳತ್ಯಾರೂ ತಿಂತಾರಂತ್ರೀ," ಎಂದಳು ಹೆಂಡತಿ, ನನ್ನ ಮುಖ ನೋಡದೆ. ಇವಳೂ ಕಿಟಕಿಯ ಹೊರಗೆ ನೋಡುತ್ತಿದ್ದಾಳೆ ಅನ್ನಿಸಿತು.

ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಗಳ ಹಿಂದಿನ ಮಂಚ ಕಂಡಿತು. ರೊಟ್ಟಿಗಳು ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಒಂದೇ ಅಳತೆಗೆ ಕಟ್ಟಿಸಿಕೊಂಡು ಕೂತಿದ್ದವು. ತಿನ್ನುವವರು ಹಾಗೆ ಕಟ್ಟಿಡುವುದಿಲ್ಲ.

"ಮಾರಾಕತ್ತೀಯೇನು?" ಎಂದೆ.

"ನಮ್ಮ ಕಡೆ ಹುಡುಗ್ರು ರೊಕ್ಕ ಕೊಟ್ಟು ಒಯ್ತಾರಪ್ಪ. ಅಂಗಡಿ ಕೆಲಸದಾಗ ನಾ ಒಂದ್ ತಾಸೂ ಹೆಚ್ಚು ಮಾಡಿಲ್ಲ. ರೊಟ್ಟಿ ಅವ್ವ ಬಡದಾಳ. ಅದು ಕೆಲಸ ಹೆಂಗಾಗ್ತದ?"

ಓದಿನ ಜೊತೆಗೆ ಅವಳು ಅಲ್ಲೊಂದು ಅಂಗಡಿಯಲ್ಲಿ ದುಡಿಯುತ್ತಿದ್ದಳು. ಓದುವವರು ವಾರಕ್ಕೆ ಇಂತಿಷ್ಟೇ ತಾಸು ದುಡಿಯಬೇಕೆಂಬ ಕಾನೂನು ನನಗೂ ಗೊತ್ತಿತ್ತು. ಆದರೆ ನಾನು ಕೇಳುವ ಮೊದಲೇ ಅವಳು ಜವಾಬು ತಯಾರಿಟ್ಟುಕೊಂಡಿದ್ದು ನನಗೆ ಸರಿಬರಲಿಲ್ಲ.

ಮರುದಿನ ಲಿಂಗಸುಗೂರಿನಲ್ಲಿ ಬಸ್ಸು ನಿಂತಾಗ, ಅವಳನ್ನು ಕಳಿಸಿಕೊಟ್ಟ ಏಜೆಂಟನ ಆಫೀಸಿಗೆ ಹೋಗಿ, ಅವಳು ಹೀಗೆ ರೊಟ್ಟಿ ಮಾರಬಹುದೇ ಎಂದು ಕೇಳಿದೆ. "ಯಾರ್ ನೋಡ್ತಾರ್ರೀ ಸರ, ಎಲ್ಲಾರೂ ಮಾಡ್ತಾರ," ಎಂದು ನಕ್ಕ. ಟಿಕೆಟ್ ಇಲ್ಲದವರೆಲ್ಲ ಹೇಳುವ ಮಾತಿದು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕಡೆಗೆ ಬಾಯಿ ಬಿಟ್ಟ: "ಇನ್ನೊಬ್ಬರ ಕೈಕೆಳಗ ಆ ತಾಸಿನೊಳಗ ಮಾಡಬಹುದ್ರೀ. ಸ್ವಂತ ಧಂದೆ ಮಾಡಂಗಿಲ್ಲ. ಗೊತ್ತಾದ್ರ ವೀಸಾ ಹೋಗಬಹುದು."

ಮಗಳ ಓದು ಮುಗಿಯಲು ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಬಸ್‌ಸ್ಟ್ಯಾಂಡಿನಿಂದಲೇ ಫೋನ್ ಮಾಡಿ ಬೈದೆ. ಮಗಳು "ಇವತ್ತೇ ಬಿಡ್ತೀನಪ್ಪ," ಎಂದಳು. ನಾನು ಪೂರ್ತಿ ನಂಬಲಿಲ್ಲ. ರೊಟ್ಟಿ ಹುಟ್ಟುವಲ್ಲೇ ನಿಲ್ಲಿಸುವುದು ಒಳ್ಳೆಯದು ಎಂದುಕೊಂಡು ಮನೆಗೆ ಬಂದೆ.

ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಆಕಿ ಮಾರೋದು ನಿನಗ ಗೊತ್ತಿತ್ತೇನು?"

"ಗೊತ್ತಿತ್ರೀ. ಅದು ತಪ್ಪು ಅಂತ ಗೊತ್ತಿದ್ದಿಲ್ಲ."

"ಬಂದ್ ಮಾಡು ಇನ್ನ. ಆ ದೇಶದಾಗ ಇದಕ್ಕೂ ಕೆಲಸ ಅಂತಾರ. ಪರ್ಮಿಷನ್ ಇಲ್ದ ಮಾಡಂಗಿಲ್ಲ."

ಅವಳ ಕೈ ನಿಂತಿತು. "ಇದಕ್ಕ? ಕೆಲಸ ಅಂತಾರಾ?"

"ಹ್ಞೂಂ."

ಹಿಟ್ಟು ಮೆತ್ತಿದ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಮದುವ್ಯಾಗಿ ಬಂದಾಗಿಂದ ಬಡಿಯಾಕತ್ತೀನಿ. ಈ ಮನ್ಯಾಗ ಯಾರೂ ಹಂಗ ಅಂದಿದ್ದಿಲ್ಲ ನೋಡ್ರಿ."

ನಗುತ್ತಾಳೇನೋ ಎಂದು ಕಾದೆ. ನಗಲಿಲ್ಲ. ಹಂಚಿನ ಮೇಲೆ ನನ್ನ ಪಾಲಿನ ರೊಟ್ಟಿ ಸೀಯತೊಡಗಿತ್ತು. ಇಬ್ಬರೂ ಅದನ್ನು ತಿರುವಿ ಹಾಕಲಿಲ್ಲ.