ಕೊಸರಿಗೆ ಬಂದ ಮರದ ತುಂಡುಗಳು

ಹಳೇ ಬೆಂಚು, ಕಪಾಟು ಕೊಂಡು ಮಾರುವುದು ನನ್ನ ಕಸುಬು. ಸೊರಬದಲ್ಲಿ ಒಂದು ಸಾಗುವಾನಿ ಬೆಂಚನ್ನು ಚೌಕಾಸಿ ಮಾಡಿ ಗಿಟ್ಟಿಸಿದೆ. ಮರ ತಟ್ಟಿ ನೋಡಿದೆನೇ ಹೊರತು ನಮ್ಮ ಬಾಗಿಲಿನ ಅಗಲ ನೆನಪಾಗಲಿಲ್ಲ. ಶಿಕಾರಿಪುರದ ಮನೆಯ ಹಿಂದಿನ ಕೋಣೆಗೆ ನಾನು ಒಳಗಿನಿಂದ ಎಳೆಯುತ್ತಿದ್ದೆ, ಅಳಿಯ ಹೊರಗಿನಿಂದ ನೂಕುತ್ತಿದ್ದ. ಬೆಂಚು ಬಾಗಿಲಲ್ಲೇ ಸಿಕ್ಕಿಕೊಂಡಿತು. ಅಲುಗಾಡಿಸಿದಷ್ಟೂ ಬಿಗಿಯಾಯಿತು. ಇರುವ ಒಂದು ಕಿಟಕಿಗೂ ಸರಳು. ಬೆವರು ಕಣ್ಣಿಗಿಳಿಯಿತು.

"ಏನ್ರೀ, ಸೊರಬದಲ್ಲಿ ಗೆದ್ದು ಬಂದೋರು ಮನೇಲೇ ಸೆರೆ ಸಿಕ್ಕಿದ್ರಲ್ಲ!" ಅಂತ ಹೆಂಡತಿ ಹೊರಗೆ ನಕ್ಕಳು.

ಅಳಿಯ ಗರಗಸ ತಂದ. "ಮಾವ, ಒರಗೋ ಹಲಗೆ ಕೊಯ್ದುಬಿಡ್ಲಾ?"

"ಕೊಯ್ದರೆ ಅದು ಸೌದೆ ಕಣಯ್ಯಾ, ತಡಿ!" ಅಂದೆ. ಆದರೆ ಗಂಟಲು ಒಣಗುತ್ತಾ ಬಂದ ಹಾಗೆ, ಹಾಳಾಗಲಿ, ಕೊಯ್ಯಲಿ ಅನ್ನಿಸತೊಡಗಿತು.

ಬಡಗಿಯಿಂದ ಹಲಗೆ ಕೊಂಡಾಗಲೆಲ್ಲ ನಾನು ಕೊಸರು ಕೇಳುತ್ತೇನೆ. ಚೌಕ, ಮುಕ್ಕೋನ, ಉದ್ದನೆಯ ತುಂಡುಗಳು ಮೊಮ್ಮಗಳ ಪಾಲು. ಬೆಂಚಿನ ಕಾಲುಗಳ ಸಂದಿಯಿಂದ ನೋಡಿದರೆ, ಅವಳು ನೆಲದ ಮೇಲೆ ತುಂಡುಗಳಿಂದಲೇ ಬಾಗಿಲು ಕಟ್ಟಿ, ಎರಡು ತುಂಡು ಕೂಡಿಸಿದ ಬೆಂಚನ್ನು ಅದರಲ್ಲಿ ತಿರುಗಿಸುತ್ತಿದ್ದಳು.

"ಅಜ್ಜಾ, ನಿನ್ನ ಕಡೆ ತುದಿ ಎತ್ತು. ಬೆಂಚು ನೆಟ್ಟಗೆ ನಿಲ್ಲಲಿ. ಕೂರೋ ಹಲಗೆ ಮೊದಲು ಒಳಗೆ ಬರುತ್ತೆ, ಒರಗೋದು ಆಮೇಲೆ ಸುತ್ತಿ ಬರುತ್ತೆ."

ಎತ್ತಿದೆವು, ತಿರುಗಿಸಿದೆವು. ಬೆಂಚು ಒಳಗೆ ಬಂತು, ನಾನು ಹೊರಗೆ ಬಂದು ಚೊಂಬು ನೀರು ಕುಡಿದೆ.

ನನ್ನ ಮಾತು ಕೇಳಿ: ಮಕ್ಕಳಿಗೆ ದುಬಾರಿ ಆಟಿಕೆ ಬೇಡ. ಬಡಗಿ ಹತ್ತಿರ ನಾಚದೆ ಕೊಸರು ಕೇಳಿ.