ಸೋನಾರ್ ಅಂಕಲ್

2001ರ ಡಿಸೆಂಬರ್‌ನ ಒಂದು ಭಾನುವಾರ, ಭಾರತೀಯ ನೌಕಾಪಡೆಯ ನಿವೃತ್ತ ಕಮಾಂಡರ್ ಒಬ್ಬರು ಹ್ಯೂಸ್ಟನ್‌ನಿಂದ ನಾವಿದ್ದ ಟೆಕ್ಸಸ್‌ನ ಕ್ಯಾರಲ್ಟನ್‌ಗೆ, ನಮ್ಮ ಪಕ್ಕದ ಮನೆಯ ಅಂಕಲ್‌ರನ್ನು ನೋಡಲು ಬಂದರು. 1971ರ ಯುದ್ಧದಲ್ಲಿ ಇಬ್ಬರೂ ಒಂದೇ ಡೆಸ್ಟ್ರಾಯರ್ ನೌಕೆಯಲ್ಲಿದ್ದವರು. ಸೋನಾರ್ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಡಲೊಳಗಿನ ಸದ್ದು ಕೇಳುವುದು ಅಂಕಲ್‌ರ ಕೆಲಸವಾಗಿತ್ತು.

ಆ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ನಮ್ಮ ಬೀದಿಗೆ ಕಾರು ತಿರುಗಿದರೆ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, "ನಿಮ್ಮನೆಯೋರು ಬಂದ್ರು ನೋಡಮ್ಮ" ಎಂದು ನನಗೆ ಹೇಳುತ್ತಿದ್ದರು. ತಪ್ಪಾದರೆ, "ಆ ಕಾರಿಗೆ ಸರ್ವೀಸ್ ಮಾಡಿಸಿದ್ದಾರೆ, ಅದಕ್ಕೇ" ಎಂದು ಕಾರನ್ನೇ ದೂರುತ್ತಿದ್ದರು.

ಶತ್ರುವಿನ ಸಬ್‌ಮರೀನ್ ಮುಳುಗಿಸಿದಿರಾ ಎಂದು ಮಕ್ಕಳು ಇಂಗ್ಲಿಷ್‌ನಲ್ಲಿ ಕೇಳಿದಾಗಲೆಲ್ಲ ಅವರ ಉತ್ತರ ಒಂದೇ: "ಬಾಂಬ್ ಹಾಕಿದ್ವಿ, ಸದ್ದು ನಿಂತ್ಹೋಯ್ತು. ಅಷ್ಟೇ ಗೊತ್ತು, ಪುಟ್ಟ."

ಕಮಾಂಡರ್‌ಗೆ ಕ್ಯಾನ್ಸರ್ ಇತ್ತು. ಬದುಕಿರುವಾಗಲೇ ತಮ್ಮ ನೌಕೆಯ ಯುದ್ಧಚರಿತ್ರೆಯನ್ನು ಬರೆದು ಮುಗಿಸಬೇಕೆಂದಿದ್ದರು. ಸಬ್‌ಮರೀನ್ ಮುಳುಗಿತು ಎಂದು ಬರೆಯಲು, ಅಂದು ಕಿವಿಯಿಟ್ಟು ಕೇಳಿದವರ ಮಾತು ಬೇಕಿತ್ತು.

"ಒಡೆದ ಸದ್ದು ಕೇಳಿಸ್ತು ಅನ್ನಯ್ಯ, ಸಾಕು. ನಮ್ಮ ಹಡಗಿಗೆ ಅಷ್ಟಾದ್ರೂ ಹೆಸರು ಬೇಡ್ವಾ?"

ಅಂಕಲ್ ಕಣ್ಣು ಮುಚ್ಚಿ, ತಲೆ ಓರೆ ಮಾಡಿದರು.

"ಅವ್ರು ಎಂಜಿನ್ ಆಫ್ ಮಾಡಿ ಸುಮ್ನೆ ಕೆಳಗೆ ಕೂತಿದ್ರೆ, ಸಾರ್?"

"ಮೂವತ್ತು ವರ್ಷ ಆಯ್ತು, ಇನ್ನೂ ನನ್ನ ಮಾತು ಕೇಳಲ್ವಲ್ಲಯ್ಯ ನೀನು!" ಎಂದು ಕಮಾಂಡರ್ ನಕ್ಕರು. ಆಂಟಿ ಬಡಿಸಿದ ಚಿತ್ರಾನ್ನವನ್ನು ಇಬ್ಬರೂ ತಿಂದರು. ಕಮಾಂಡರ್ ಹೊರಡುವಾಗ ಅಂಕಲ್ ಕಾರಿನ ಪಕ್ಕ ನೆಟ್ಟಗೆ ನಿಂತು ಸೆಲ್ಯೂಟ್ ಮಾಡಿದರು.

ಮರುವರ್ಷ ಕಮಾಂಡರ್ ತೀರಿಕೊಂಡರು. ಅವರ ಪುಸ್ತಕವನ್ನು ಮಗಳು ಅಚ್ಚು ಹಾಕಿಸಿದರು. ಆ ದಾಳಿಯ ಪರಿಣಾಮ ಖಚಿತವಾಗಲಿಲ್ಲ ಎಂದು ಅದರಲ್ಲಿದೆ.